ಮುತ್ತಿಗೆಯ ನಡುವೆ ಒಂದು ಕ್ರಯಪತ್ರ



ಕ್ರಿಸ್ತಪೂರ್ವ 587ರ ಆಸುಪಾಸು. ಬಾಬಿಲೋನಿನ ಸೈನ್ಯ ಯೆರೂಸಲೇಮ್ ಪಟ್ಟಣವನ್ನು ಸುತ್ತುವರಿದಿತ್ತು. ಪಟ್ಟಣ ಶತ್ರುವಿನ ಕೈಸೇರುವುದು ಖಂಡಿತ ಎಂದು ಸಾರಿದ್ದಕ್ಕೆ ಯೆಹೂದದ ಅರಸ ಚಿದ್ಕೀಯನು ಪ್ರವಾದಿ ಯೆರೆಮೀಯನನ್ನು ಕಾವಲಿನವರ ಅಂಗಳದಲ್ಲಿ ಸೆರೆಯಿಟ್ಟಿದ್ದ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತ್ ಊರಿನ ತನ್ನ ಹೊಲವನ್ನು ಕೊಂಡುಕೊಳ್ಳುವಂತೆ ಕೇಳಿದ.

ನಾಳೆ ಯಾರ ಪಾಲಾಗುತ್ತದೋ ತಿಳಿಯದ ನೆಲಕ್ಕೆ ಯಾರು ದುಡ್ಡು ಕೊಡುತ್ತಾರೆ? ಯೆರೆಮೀಯ ಕೊಟ್ಟ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ, ಸಾಕ್ಷಿಗಳ ಎದುರಿಗೇ ಕ್ರಯಪತ್ರಕ್ಕೆ ಮುದ್ರೆ ಹಾಕಿದ. ಪತ್ರ ಬಹುಕಾಲ ಕೆಡದಿರಲೆಂದು ಮಣ್ಣಿನ ಪಾತ್ರೆಯಲ್ಲಿಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಈ ನೆಲದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಳ್ಳುವರೆಂದು ದೇವರು ಮಾತು ಕೊಟ್ಟಿದ್ದ. ಯೆರೆಮೀಯನಿಗೆ ಅಷ್ಟೇ ಸಾಕಾಗಿತ್ತು.

ಆ ಹೊಲದ ಒಂದು ಹಿಡಿ ಕಾಳು ಅವನ ಮನೆ ಸೇರಿದ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಪಟ್ಟಣ ಸುಟ್ಟುಹೋಯಿತು. ಉಳಿದವರು ಅವನನ್ನೂ ಕಟ್ಟಿಕೊಂಡು ಐಗುಪ್ತಕ್ಕೆ ಹೋದರು. ಸುಮಾರು ಐವತ್ತು ವರ್ಷಗಳ ಮೇಲೆ, ಪಾರಸಿಯ ಅರಸ ಕೋರೆಷನ ಅಪ್ಪಣೆಯಂತೆ ಬಾಬಿಲೋನಿಗೆ ಸೆರೆಹೋಗಿದ್ದ ಜನ ಮರಳಿದರು. ಅವರ ಪಟ್ಟಿ ಎಜ್ರನ ಗ್ರಂಥದಲ್ಲಿದೆ. ಬರಿಯ ಹೆಸರು, ಲೆಕ್ಕ ಎಂದು ನಾವು ಹಾಳೆ ಮಗುಚುವ ಭಾಗ ಅದು. ಅಲ್ಲಿ ಆ ಹೊಲವಿದ್ದ ಅನಾತೋತಿನ 128 ಗಂಡಸರ ಲೆಕ್ಕವಿದೆ! ದೇವರ ಮಾತು ಉಳಿಯಿತು.

ಶಿಲುಬೆಯಲ್ಲಿ ಸತ್ತ ಯೇಸುವನ್ನು ಮೂರನೆಯ ದಿನ ಎಬ್ಬಿಸಿದ ದೇವರು ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂಬುದೇ ಕ್ರೈಸ್ತರ ಭರವಸೆಯ ಬುಡ. ನಮ್ಮ ಧೈರ್ಯವಂತೂ ದಿನಕ್ಕೊಂದು ಥರ.

ಭರವಸೆಯಿದೆ ಎಂದಮೇಲೆ ನಂಬಿದವರು ಪ್ರಶ್ನೆ ಕೇಳಬಾರದು ಎಂದು ಕಾಯಿಲೆಯಲ್ಲಿ, ಕಷ್ಟದಲ್ಲಿ ಇರುವವರಿಗೆ ಬುದ್ಧಿ ಹೇಳುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ನೊಂದವರನ್ನು ಅದು ಇನ್ನಷ್ಟು ನೋಯಿಸುತ್ತದೆ. ಪತ್ರವನ್ನು ಬಾರೂಕನ ಕೈಗೆ ಕೊಟ್ಟ ಮೇಲೆ ಯೆರೆಮೀಯ ಮಾಡಿದ್ದೇನು? ಮುತ್ತಿಗೆಯ ದಿಬ್ಬಗಳು ಪಟ್ಟಣದವರೆಗೆ ಬಂದಿವೆ, ಹಸಿವು, ಕತ್ತಿ, ಕಾಯಿಲೆಗಳಿಂದ ಎಲ್ಲ ಕೈತಪ್ಪಿದೆ, ಹೀಗಿರುವಾಗ ಹೊಲ ಕೊಂಡುಕೋ ಎಂದೆಯಲ್ಲ ಸ್ವಾಮೀ ಎಂದು ಮೊರೆಯಿಟ್ಟ. ಮೊದಲು ಬೆಳ್ಳಿ ತೂಗಿದ, ಆಮೇಲೆ ಕೇಳಿದ. ಮಾತು ಕೊಟ್ಟವನನ್ನೇ ಕೇಳಿದ.

ದೇವರು ಗದರಿಸಲಿಲ್ಲ. ಪಟ್ಟಣ ಬೀಳುವುದನ್ನು ಮರೆಮಾಚಲೂ ಇಲ್ಲ. ಬೆನ್ಯಾಮೀನ್ ಸೀಮೆ, ಯೆರೂಸಲೇಮಿನ ಸುತ್ತಮುತ್ತ, ಯೆಹೂದದ ಊರುಗಳು, ಬೆಟ್ಟದ ಮೇಲಿನ ಊರುಗಳು ಎಂದು ಒಂದೊಂದನ್ನೇ ಹೆಸರಿಸಿ, ಅಲ್ಲೆಲ್ಲ ಜನ ಮತ್ತೆ ಹಣ ಕೊಟ್ಟು ಹೊಲ ಕೊಳ್ಳುವರು, ಪತ್ರಕ್ಕೆ ಮುದ್ರೆ ಹಾಕುವರು ಎಂದು ತನ್ನ ಮಾತನ್ನೇ ಇನ್ನೊಮ್ಮೆ ಹೇಳಿದ.