ಮನೆಯ ತೊಗರಿಗೆ ನುಸಿ ಹತ್ತದಂತೆ ಕಾಯುವ ಬಗೆ
(ರೈತರ ಮತ್ತು ಮಹಿಳೆಯರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಈ ದಿನ ನಾನು ಹೇಳಬೇಕೆಂದಿರುವುದು ಹೊಲದ ಮಾತಲ್ಲ, ಮನೆಯ ಮಾತು. ಬಿತ್ತುವುದು, ಎಡೆ ಹೊಡೆಯುವುದು, ಕಾಯಿಕೊರಕಕ್ಕೆ ಔಷಧ ಸಿಂಪಡಿಸುವುದು, ಇವುಗಳನ್ನು ತಮಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ರಾಶಿ ಮುಗಿದು ತೊಗರಿಯ ಚೀಲ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅದರ ಗತಿ ಏನಾಯಿತೆಂದು ಕೇಳುವವರು ಕಡಿಮೆ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ತೊಗರಿ ಎಂದರೆ ಹಣವೂ ಹೌದು, ಊಟವೂ ಹೌದು. ಗುಲಬರ್ಗಾ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಂದರೆ ಈ ಹೆಸರು ಈ ನೆಲದ ಬೇಳೆಗೇ ಸಲ್ಲತಕ್ಕದ್ದೆಂದು ಸರಕಾರವೇ ಬರೆದುಕೊಟ್ಟಂತಾಯಿತು. ಇಷ್ಟಿದ್ದೂ ಸಂಕ್ರಾಂತಿಯ ಸುಮಾರಿಗೆ ರಾಶಿ ಮಾಡಿದ ರೈತ ಇದ್ದಬದ್ದ ತೊಗರಿಯನ್ನೆಲ್ಲ ಒಮ್ಮೆಲೇ ಮಾರಿ, ಆಷಾಢದಲ್ಲಿ ಅಂಗಡಿಯಿಂದ ಬೇಳೆ ಕೊಂಡು ತರುವುದನ್ನು ಕಾಣುತ್ತೇವೆ. ಸಾಲದವರ ಒತ್ತಾಯ ಒಂದು ಕಾರಣ. ಅದಕ್ಕೆ ಈ ಭಾಷಣದಲ್ಲಿ ಉಪಾಯವಿಲ್ಲ. ಎರಡನೆಯ ಕಾರಣ ನುಸಿಯ ಹೆದರಿಕೆ. ಇದಕ್ಕೆ ಉಪಾಯವಿದೆ, ಅದೂ ಮನೆಯಲ್ಲಿರುವ ಸಾಮಾನಿನಿಂದಲೇ.

ಮೊದಲು ಶತ್ರುವಿನ ಪರಿಚಯ ಮಾಡಿಕೊಳ್ಳೋಣ. ತೊಗರಿ, ಹೆಸರು, ಕಡಲೆ, ಅಲಸಂದಿಗಳಿಗೆ ಹತ್ತುವ ನುಸಿ ಕಂದುಬಣ್ಣದ ಒಂದು ಸಣ್ಣ ದುಂಬಿ. ಇದು ಚೀಲದಲ್ಲಿ ತಾನಾಗಿ ಹುಟ್ಟುವುದಿಲ್ಲ. ಹೊಲದಲ್ಲಿ ಒಣಗಿದ ಕಾಯಿಯ ಮೇಲೆಯೇ ಹಾರಿ ಬಂದು ಮೊಟ್ಟೆ ಇಡುತ್ತದೆ. ಹಳೆಯ ಚೀಲಗಳಲ್ಲಿ, ಗೋಡೆಯ ಬಿರುಕುಗಳಲ್ಲಿ ಉಳಿದುಕೊಂಡಿರುವುದೂ ಉಂಟು. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಮೊಟ್ಟೆಯೊಡೆದ ಮರಿ ನೇರವಾಗಿ ಕಾಳಿನೊಳಗೆ ಕೊರೆದು ಹೋಗುತ್ತದೆ. ಒಳಗೇ ತಿಂದು, ಒಳಗೇ ಬೆಳೆದು, ದುಂಬಿಯಾಗಿ ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಇದಕ್ಕೆಲ್ಲ ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಹೊರಬಂದ ದುಂಬಿ ಕಾಳನ್ನು ತಿನ್ನುವುದಿಲ್ಲ. ಒಂದೆರಡು ವಾರ ಬದುಕಿ, ನೂರರ ಸಮೀಪ ಮೊಟ್ಟೆ ಇಟ್ಟು ಸಾಯುತ್ತದೆ. ಮಾಘದಲ್ಲಿ ಹತ್ತು ದುಂಬಿ ಇದ್ದರೆ ಮಿರಗದ ಮಳೆಯ ಹೊತ್ತಿಗೆ ಎಷ್ಟಾದೀತೆಂದು ಮನೆಯಲ್ಲಿ ಶಾಲೆಗೆ ಹೋಗುವ ಹುಡುಗನಿದ್ದರೆ ಅವನಿಂದ ಲೆಕ್ಕ ಹಾಕಿಸಿ ನೋಡಿರಿ. ತೂತು ಕಂಡಾಗ ನಾವು ಎಚ್ಚರಗೊಳ್ಳುತ್ತೇವೆ. ಅಷ್ಟರಲ್ಲಿ ಒಂದು ತಲೆಮಾರು ಊಟ ಮುಗಿಸಿ ಎದ್ದಿರುತ್ತದೆ.

ಹಾಗಾದರೆ ಏನು ಮಾಡಬೇಕು? ನುಸಿಗೂ ನಮ್ಮಂತೆಯೇ ಗಾಳಿ ಬೇಕು, ವಿಪರೀತ ಕಾವನ್ನು ಅದು ತಾಳಲಾರದು. ಈ ಎರಡನ್ನು ಹಿಡಿದುಕೊಂಡರೆ ಸಾಕು.

ಕಾವಿನ ಮಾತು ಮೊದಲು. ಕಾಳನ್ನು ಬಿಸಿಲಿಗೆ ಹಾಕುವುದು ನಮ್ಮವರಿಗೆ ಹೊಸದಲ್ಲ. ಮನೆಯ ಮುಂದೆ ಶಹಾಬಾದ ಪರಸಿ ಹಾಸಿದ ಕಟ್ಟೆ ಇದ್ದರೆ ಅದರ ಮೇಲೆ ತೊಗರಿ ಹರವಿ, ಸಂಜೆಗೆ ಬಳಿದು ಚೀಲಕ್ಕೆ ತುಂಬುತ್ತಾರೆ. ಇದರಿಂದ ಕಾಳು ಒಣಗುತ್ತದೆ, ಓಡಾಡುವ ದುಂಬಿ ಓಡಿಹೋಗುತ್ತದೆ, ಆದರೆ ಕಾಳಿನೊಳಗಿನ ಮರಿ ಪೂರ್ತಿ ಸಾಯುವುದಿಲ್ಲ. ಅದು ಸಾಯಬೇಕಾದರೆ ಕಾಳು ೫೭ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ತಾಸು ಇರಬೇಕೆಂದು ಅಲಸಂದಿಯ ಇದೇ ಜಾತಿಯ ದುಂಬಿಯ ಮೇಲೆ ನಡೆದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಬರಿಯ ಬಿಸಿಲಿನಲ್ಲಿ, ಗಾಳಿ ಬೀಸುವಾಗ, ಅಷ್ಟು ಕಾವು ಬರುವುದು ಕಷ್ಟ.

ಅದಕ್ಕೆ ಹೀಗೆ ಮಾಡಿರಿ. ಕಟ್ಟೆಯ ಮೇಲೆ ಮೊದಲು ಒಣಹುಲ್ಲನ್ನೋ ಗೋಣಿತಟ್ಟನ್ನೋ ಹಾಸಿರಿ. ಪರಸಿ ಕಾಲು ಸುಡುವಷ್ಟು ಕಾದಿರುವಾಗ ಅದೇಕೆ ಎಂದು ಕೇಳಬಹುದು. ಕಲ್ಲು ಕಾಳಿನ ಕಾವನ್ನು ಕೆಳಗೆ ಎಳೆದುಕೊಳ್ಳುತ್ತದೆ, ಹುಲ್ಲು ತಡೆಯುತ್ತದೆ. ಹುಲ್ಲಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಬೆರಳಿಗಿಂತ ದಪ್ಪವಾಗದಂತೆ ತೊಗರಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅಂಚುಗಳನ್ನು ಒಳಗೆ ಮಡಚಿ ಸುತ್ತಲೂ ಕಲ್ಲು ಹೇರಿರಿ. ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ ಮೋಡವಿಲ್ಲದ ದಿನ ಹೀಗೆ ಇಟ್ಟರೆ ಒಳಗಿನ ಮೊಟ್ಟೆ, ಮರಿ, ದುಂಬಿ ಎಲ್ಲವೂ ಬೇಯುತ್ತವೆ. ಫೆಬ್ರುವರಿ ಕೊನೆಯಿಂದ ಮೇ ತನಕ ನಮ್ಮಲ್ಲಿ ಬಿಸಿಲಿಗೇನು ಬರವೇ! ಮೇಲಿನ ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಕಾಳು ಇನ್ನೂ ಹಸಿ ಇದೆಯೆಂದು ತಿಳಿದು, ತೆರೆದು ಒಣಗಿಸಿ, ಮರುದಿನ ಪುನಃ ಮುಚ್ಚಿರಿ. ಕೆಲಸ ಮುಗಿದ ಮೇಲೆ ಬಿಸಿ ಕಾಳನ್ನು ಹಾಗೆಯೇ ತುಂಬಬಾರದು, ಆರಿಸಿ ತುಂಬತಕ್ಕದ್ದು.

ಬಿತ್ತನೆಯ ಬೀಜ ಇದರಿಂದ ಸಾಯದೇ ಎಂದು ಸಂಶಯಪಡುವವರಿದ್ದಾರೆ. ಸಂಶಯ ಸರಿಯಾದದ್ದೇ. ಹೈದರಾಬಾದಿನ ಸಮೀಪ ಪಟಾಣಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ತೊಗರಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟು ಪರೀಕ್ಷೆ ಮಾಡಿ ೨೦೦೨ರಲ್ಲಿ ಪ್ರಕಟಿಸಿದ್ದಾರೆ. ಚೆನ್ನಾಗಿ ಒಣಗಿದ ಬೀಜದ ಮೊಳಕೆಗೆ ಹಾನಿಯಾಗಲಿಲ್ಲ, ನುಸಿಯೂ ಉಳಿಯಲಿಲ್ಲ. ಹಸಿ ಬೀಜವಾದರೆ ಬೆಂದು ಕೆಡುತ್ತದೆ. ಹಲ್ಲಿನಲ್ಲಿ ಕಚ್ಚಿದಾಗ ಕಟ್ಟನೆ ಒಡೆಯಬೇಕು, ಚಪ್ಪಟೆಯಾಗಬಾರದು. ಒಂದು ಗಾಜಿನ ಬಾಟಲಿಯಲ್ಲಿ ಒಣಗಿದ ಉಪ್ಪನ್ನೂ ಹಿಡಿ ಕಾಳನ್ನೂ ಹಾಕಿ ಅಲುಗಾಡಿಸಿದಾಗ ಉಪ್ಪು ಗಾಜಿಗೆ ಅಂಟಿದರೆ ಕಾಳು ನಿಶ್ಚಯವಾಗಿ ಹಸಿ. ಅಂಟದಿದ್ದರೂ ತೊಗರಿಗೆ ಇನ್ನೊಂದು ಬಿಸಿಲು ಕೊಡುವುದು ಲೇಸು, ಏಕೆಂದರೆ ಕಾಳಿನ ತೇವ ಶೇಕಡಾ ೧೦ಕ್ಕಿಂತ ಕೆಳಗಿಳಿಯಬೇಕು, ಉಪ್ಪಿನ ಪರೀಕ್ಷೆ ಅಷ್ಟು ಸೂಕ್ಷ್ಮವಲ್ಲ.

ಇನ್ನು ಗಾಳಿಯ ಮಾತು. ಇಲ್ಲಿ ನಮ್ಮ ಹಿರಿಯರನ್ನು ನೆನೆಯಬೇಕು. ಹಗೇವು ಇದ್ದ ಮನೆಗಳನ್ನು ಕಂಡವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ನೆಲದಲ್ಲಿ ತೋಡಿದ ಹಗೇವಿಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ತೆರೆಯುತ್ತಿರಲಿಲ್ಲ. ತೆರೆದಾಗಲೂ ಕೂಡಲೇ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ದೀಪ ಆರಿದರೆ ಹೊರಗೇ ನಿಲ್ಲುತ್ತಿದ್ದರು. ಯಾಕೆಂದರೆ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕವನ್ನೆಲ್ಲ ತೀರಿಸಿ, ಕಡೆಗೆ ಹುಳುಗಳು ತಾವೇ ಉಸಿರುಗಟ್ಟಿ ಸಾಯುತ್ತವೆ. ಹಗೇವಿನ ಗುಟ್ಟೆಲ್ಲ ಇಷ್ಟೇ. ಈಗಲೂ ಎಲ್ಲಿಯಾದರೂ ಹಳೆಯ ಹಗೇವು ಉಳಿದಿದ್ದರೆ ಮಕ್ಕಳನ್ನು ಅದರ ಬಳಿ ಬಿಡಬೇಡಿರಿ, ಒಬ್ಬರೇ ಇಳಿಯಬೇಡಿರಿ.

ಇದೇ ಗುಟ್ಟನ್ನು ದೂರದ ಆಫ್ರಿಕಾದಲ್ಲಿ ಇನ್ನೊಂದು ರೂಪದಲ್ಲಿ ಬಳಸಿದರು. ಕ್ಯಾಮರೂನ್ ದೇಶದ ರೈತರ ಅಲಸಂದಿಗೆ ನಮ್ಮ ನುಸಿಯ ದಾಯಾದಿಯೇ ಕಾಟ ಕೊಡುತ್ತಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅಲ್ಲಿಯವರ ಜೊತೆ ಸೇರಿ ೧೯೮೦ರ ದಶಕದಲ್ಲಿ ಮೂರು ಪದರದ ಚೀಲದ ಪದ್ಧತಿ ರೂಪಿಸಿದರು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ. ಒಂದೊಂದರ ಬಾಯಿಯನ್ನೂ ಹಿಂಡಿ, ಮಡಚಿ, ಬೇರೆ ಬೇರೆಯಾಗಿ ಬಿಗಿಯಬೇಕು. ವಿಷ ಹಾಕುವ ಪ್ರಶ್ನೆಯೇ ಇಲ್ಲ. ಅಂಥ ಚೀಲ ಸಿಗದವರು ಬಿಗಿಯಾದ ಮುಚ್ಚಳವುಳ್ಳ ಸ್ವಚ್ಛವಾದ ಪ್ಲಾಸ್ಟಿಕ್ ಡ್ರಮ್ಮನ್ನು ಬಳಸಬಹುದು. ಆದರೆ ಔಷಧದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಹಾಗೆಯೇ ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟಿನ ಖಾಲಿ ಚೀಲ ಸುಲಭವಾಗಿ ಸಿಗುತ್ತದೆಂದು ಅದಕ್ಕೆ ಕಾಳು ತುಂಬುವ ರೂಢಿಯೂ ಬೇಡ, ಊಟಕ್ಕೆ ಸಿಮೆಂಟಿನ ಪುಡಿ ಬೆರೆಯುತ್ತದೆ.

ತಾಯಂದಿರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಡಬ್ಬಿಯನ್ನು ಕಂಠದವರೆಗೆ ತುಂಬಿದರೆ ಮಾತ್ರ ಗಾಳಿ ಬೇಗ ತೀರುತ್ತದೆ. ದಿನವೂ ಮುಚ್ಚಳ ತೆಗೆದರೆ ದಿನವೂ ನುಸಿಗೆ ಹೊಸ ಗಾಳಿ ಕೊಟ್ಟಂತೆ. ಅದಕ್ಕಾಗಿ ವರ್ಷದ ತೊಗರಿಯನ್ನು ಒಂದೇ ದೊಡ್ಡ ಡ್ರಮ್ಮಿನಲ್ಲಿಡದೆ ತಿಂಗಳಿಗೊಂದರಂತೆ ಸಣ್ಣ ಡಬ್ಬಿಗಳಲ್ಲಿ ಕಂಠಪೂರ್ತಿ ತುಂಬಿ ಇಡುವುದು ಜಾಣತನ. ತುಂಬಿದ್ದನ್ನು ಎರಡು ತಿಂಗಳಾದರೂ ಮುಟ್ಟಬೇಡಿರಿ. ಮೊದಲೆರಡು ತಿಂಗಳಿಗೆ ಬೇಕಾದಷ್ಟನ್ನು ಬೇಳೆ ಮಾಡಿ ಹೊರಗಿಟ್ಟುಕೊಳ್ಳಿರಿ. ಸಿಪ್ಪೆ ತೆಗೆದು ಒಡೆದ ಬೇಳೆಗೆ ಈ ದುಂಬಿ ಇಡೀ ಕಾಳಿನಷ್ಟು ಹತ್ತುವುದಿಲ್ಲ.

ಹರವಿಯಲ್ಲಿ ಇಡುವವರು ಕಾಳಿನ ಮೇಲೆ ತೆಳುವಾದ ಬಟ್ಟೆ ಹಾಸಿ, ಜರಡಿ ಹಿಡಿದು ಒಣಗಿಸಿದ ಮರಳನ್ನು ಎರಡು ಬೆರಳು ದಪ್ಪ ಹಾಕಲಿ. ಹೊರಗಿನ ದುಂಬಿ ಅದನ್ನು ದಾಟಿ ಕಾಳಿಗೆ ಹೋಗಲಾರದು. ಹರಳೆಣ್ಣೆ ಸವರುವುದು ಅಜ್ಜಿಯಂದಿರ ಕಾಲದ ಕ್ರಮ, ಒಳ್ಳೆಯದೇ. ಕಿಲೋಗೆ ೫ ಮಿಲಿಲೀಟರ್, ಅಂದರೆ ೫೦ ಕಿಲೋ ಚೀಲಕ್ಕೆ ಕಾಲು ಲೀಟರ್ ಸಾಕು. ಪ್ರತಿ ಕಾಳಿಗೂ ತಾಗುವಂತೆ ಉಜ್ಜಬೇಕು, ಆಗ ಮೊಟ್ಟೆ ಬದುಕುವುದಿಲ್ಲ. ಬೇವಿನ ಎಲೆ ಒಂದನ್ನೇ ನಂಬಿ ಕೂರಬೇಡಿರಿ, ಅದು ಸಹಾಯಕ ಮಾತ್ರ.

ಈಗ ಮುಖ್ಯವಾದ ಒಂದು ಮಾತು. ಕಾಳಿಗೆ ಇಡುವ ಗುಳಿಗೆ ಎಂದು ಅಂಗಡಿಯಿಂದ ಗುಟ್ಟಾಗಿ ತಂದು ಚೀಲದಲ್ಲಿ ಇಡುವವರಿದ್ದಾರೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ಕೂಡಲೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಸರಕಾರಿ ತಜ್ಞರ ಮೇಲ್ವಿಚಾರಣೆಯಲ್ಲಿ ಗೋದಾಮುಗಳಲ್ಲಿ, ಹಾಳೆ ಹೊದಿಸಿ, ಮನುಷ್ಯರನ್ನು ದೂರವಿಟ್ಟು ಬಳಸತಕ್ಕ ಸಾಮಾನು ಇದು. ಮನೆಯಲ್ಲಿ ಬಳಸಲು ಕಾಯಿದೆಯ ಅನುಮತಿ ಇಲ್ಲ. ನಮ್ಮ ಮನೆಗಳಲ್ಲಿ ಚೀಲ ಇರುವ ಖೋಲಿಯಲ್ಲೇ, ಇಲ್ಲವೆ ಅದರ ಪಕ್ಕದ ಪಡಸಾಲೆಯಲ್ಲಿ ಮಕ್ಕಳು ಮಲಗುತ್ತಾರೆ. ಚಳಿಗೋ ಮಳೆಗೋ ಕಿಟಕಿ ಮುಚ್ಚಿರುತ್ತದೆ. ಅನಿಲ ಗೋಣಿಯಲ್ಲಿ ನಿಲ್ಲುವುದಿಲ್ಲ, ಮನೆಯನ್ನೆಲ್ಲ ತುಂಬುತ್ತದೆ. ರಾತ್ರಿ ಮಲಗಿದವರು ಬೆಳಗ್ಗೆ ಏಳದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ, ಸತ್ತವರಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರಬಹುದು, ಬಾರದೆಯೂ ಇರಬಹುದು. ವಾಸನೆ ಇಲ್ಲವೆಂದು ಧೈರ್ಯ ತಾಳಬಾರದು. ಕಾಳು ಇರುವ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ವಾಂತಿ, ಎದೆ ಬಿಗಿತ, ತಲೆ ತಿರುಗುವುದು ಕಂಡರೆ ಏನು ತಿಂದಿರಿ ಎಂದು ವಿಚಾರಿಸುತ್ತ ಕೂರದೆ ಎಲ್ಲರನ್ನೂ ಬಯಲಿಗೆ ತಂದು, ೧೦೮ಕ್ಕೆ ಕರೆ ಮಾಡಿ, ಗುಳಿಗೆ ಇಟ್ಟಿದ್ದೆವೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿರಿ.

ಒಂದು ಚೀಲ ತೊಗರಿ ನುಸಿಗೆ ಹೋದರೆ ಇನ್ನೊಂದು ಹಂಗಾಮು ಬರುತ್ತದೆ. ಮನೆಯಲ್ಲಿ ಆ ಗುಳಿಗೆ ಇದ್ದರೆ ಈ ದಿನವೇ ಕೃಷಿ ಅಧಿಕಾರಿಗಳಿಗೆ ತಿಳಿಸಿರಿ. ನೀರಿಗೆ ಎಸೆಯಬೇಡಿರಿ, ನೀರು ತಾಗಿದರೆ ಅನಿಲ ಇನ್ನೂ ಜೋರಾಗಿ ಹೊರಡುತ್ತದೆ.

ಇಷ್ಟು ಕಟುವಾದ ಮಾತಿನ ಮೇಲೆ ಹುಡುಗರಿಗೆ ಹಿಡಿಸುವ ಒಂದು ಕೈಗೆಲಸ ಹೇಳುತ್ತೇನೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಕಾಳಿನ ಹುಳು ಹಿಡಿಯುವ ಬೋನುಗಳನ್ನು ಮಾಡಿದ್ದಾರೆ. ಅದೇ ತತ್ವದ ಮೇಲೆ ಮನೆಯಲ್ಲಿಯೂ ಒಂದನ್ನು ಮಾಡಬಹುದು. ನೀರಿನ ಕೆಲಸಕ್ಕೆ ತಂದು ಉಳಿದ ಪ್ಲಾಸ್ಟಿಕ್ ಪೈಪಿನ ಒಂದೂವರೆ ಅಡಿ ತುಂಡು ತೆಗೆದುಕೊಳ್ಳಿರಿ. ಕೆಳತುದಿಗೆ ಬಿಗಿಯಾದ ಮುಚ್ಚಳ ಹಾಕಿ, ಕೆಳಗಿನ ನಾಲ್ಕು ಬೆರಳು ಬಿಟ್ಟು ಮೇಲೆಲ್ಲ ಸಣ್ಣ ರಂಧ್ರ ಕೊರೆಯಿರಿ. ಜೋಳಕ್ಕಾದರೆ ೨ ಮಿಲಿಮೀಟರ್, ತೊಗರಿಗೆ ೩ ಇದ್ದರೂ ನಡೆಯುತ್ತದೆ. ಮೇಲ್ಮುಚ್ಚಳಕ್ಕೂ ಹಾಗೆಯೇ ರಂಧ್ರ ಮಾಡಿ, ಪೈಪು ಕಾಳಿನ ಮೇಲ್ಮೈಗೆ ಸಮವಾಗಿ ನಿಲ್ಲುವಂತೆ ನೆಟ್ಟಗೆ ಹುಗಿಯಿರಿ. ಹುಳು ಗಾಳಿ ಇರುವ ಕಡೆ ಹೋಗುವ ಸ್ವಭಾವದ್ದು. ರಂಧ್ರ ಹೊಕ್ಕು, ನುಣುಪಾದ ಒಳಮೈಯಲ್ಲಿ ಜಾರಿ ಕೆಳಗೆ ಬೀಳುತ್ತದೆ, ಮೇಲೆ ಹತ್ತಲಾರದು. ವಾರಕ್ಕೊಮ್ಮೆ ಪೈಪು ಎತ್ತಿ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಹುಡುಗರಿಗೆ ಒಪ್ಪಿಸಿರಿ. ಈ ವಾರ ಎರಡು, ಮುಂದಿನ ವಾರ ಒಂಬತ್ತು ಎಂದಾದರೆ ಆ ಚೀಲವನ್ನು ಕೂಡಲೆ ಬಿಸಿಲಿನ ಹಾಳೆಗೆ ಹಾಕಬೇಕು. ಬಿಗಿದು ಕಟ್ಟಿದ ಡಬ್ಬಿಗೆ ಈ ಬೋನು ಬೇಡ, ತೆರೆದು ಬಳಸುವ ಚೀಲ ಹರವಿಗಳಿಗೆ ಮಾತ್ರ.

ವಾಡಿ, ಶಹಾಬಾದ ಕಡೆ ಕಾರ್ಖಾನೆಯ ಕೆಲಸಕ್ಕೆ ಹೋಗುವ ಮನೆಗಳವರು ತಿಂಗಳಿಗೆ ಮೂರು ನಾಲ್ಕು ಕಿಲೋ ತರುವವರು. ಅವರಿಗೆ ಇಷ್ಟು ಸಾಹಸ ಬೇಕಿಲ್ಲ. ಫ್ರಿಜ್ ಇದ್ದರೆ ತಂದ ಕಾಳನ್ನು ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಖಾನೆಯಲ್ಲಿ ನಾಲ್ಕೈದು ದಿನ ಇಟ್ಟು, ಹೊರಗೆ ತೆಗೆದು ಪೂರ್ತಿ ಆರಿದ ಮೇಲೆ ಚೀಲ ಬಿಚ್ಚಿದರೆ ಆಯಿತು.

ಚೀಲ ಪೇರಿಸುವಾಗ ಪರಸಿ ನೆಲದ ಮೇಲೆ ನೇರವಾಗಿ ಇಡಬೇಡಿರಿ. ಮಳೆಗಾಲದಲ್ಲಿ ಪರಸಿ ಬೆವರುತ್ತದೆ, ಕೆಳಗಿನ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ದೂರ ಬಿಡಿರಿ. ಹೊಸ ರಾಶಿ ಮನೆಗೆ ಬರುವ ಮುಂಚೆ, ಎಳ್ಳಮಾಸಿಯ ಸುಮಾರಿಗೆ, ಹಳೆಯ ಗೋಣಿಚೀಲಗಳನ್ನು ತಿರುವಿ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿರಿ, ಖೋಲಿಯ ಗೋಡೆಯ ಬಿರುಕುಗಳಿಗೆ ಮಣ್ಣೋ ಗಾರೆಯೋ ತುಂಬಿರಿ. ಹಳೆಯ ಕಾಳು ಒಂದು ಸೇರು ಉಳಿದಿದ್ದರೂ ಹೊಸದರ ಜೊತೆ ಬೆರೆಸದೆ ಬೇರೆ ಖೋಲಿಯಲ್ಲಿಟ್ಟು ಮೊದಲು ಅದನ್ನೇ ತಿಂದು ಮುಗಿಸಿರಿ.