ಪಾಸ್‌ಪೋರ್ಟ್ ಕಳೆದುಕೊಂಡ ನಟ
(ಕಾರ್ಮಿಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ನಾಟಕ, ಸಿನಿಮಾ ಎಂದರೆ ಹೊತ್ತು ಕಳೆಯುವ ಬಾಬತ್ತು, ಅದಕ್ಕೂ ದುಡಿಯುವವರ ಸಂಘಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಮೆರಿಕದ ನಟ, ಗಾಯಕ ಪಾಲ್ ರೋಬ್ಸನ್ ಅವರ ಬಾಳೇ ಇದಕ್ಕೆ ಉತ್ತರ.

ರೋಬ್ಸನ್ ಹುಟ್ಟಿದ್ದು 1898ರಲ್ಲಿ. ತಂದೆ ಗುಲಾಮರಾಗಿ ಹುಟ್ಟಿ, ಹುಡುಗರಿದ್ದಾಗಲೇ ಯಜಮಾನನ ತೋಟದಿಂದ ತಪ್ಪಿಸಿಕೊಂಡು ಬಂದವರು; ಆಮೇಲೆ ಪಾದ್ರಿಯಾದರು. ಮಗ 1923ರಲ್ಲಿ ಕೊಲಂಬಿಯಾದಲ್ಲಿ ಕಾನೂನು ಓದಿ ಮುಗಿಸಿ ವಕೀಲರ ಕಚೇರಿ ಸೇರಿದರು. ಅಲ್ಲಿನ ಬಿಳಿಯ ಶೀಘ್ರಲಿಪಿಗಾರ್ತಿ, ಕರಿಯನೊಬ್ಬ ಹೇಳಿದ್ದನ್ನು ತಾನು ಬರೆದುಕೊಳ್ಳುವುದಿಲ್ಲ ಎಂದಳು. ರೋಬ್ಸನ್ ಕಚೇರಿ ಬಿಟ್ಟು ರಂಗಭೂಮಿಗೆ ಬಂದರು. ಜಾತಿಯ ಉರಿ ಉಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1930ರಲ್ಲಿ ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ಒಥೆಲೋ ಆದರು. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅದೇ ನಾಟಕ 296 ಪ್ರಯೋಗ ಕಂಡಿತು. ಅಲ್ಲಿ ಶೇಕ್ಸ್‌ಪಿಯರನ ಬೇರೆ ಯಾವ ನಾಟಕವೂ ಅಷ್ಟು ದಿನ ಓಡಿರಲಿಲ್ಲ. ಕರಿಯರನ್ನು ಬೇರೆ ಕೂರಿಸುವ ಥಿಯೇಟರಿನಲ್ಲಿ ತಾವು ಬಣ್ಣ ಹಚ್ಚುವುದಿಲ್ಲ ಎಂದು ಖಂಡಿತವಾಗಿ ಹೇಳಿದರು.

ಸಿನಿಮಾದಲ್ಲಿ ಅವರೂ ಒಮ್ಮೆ ಎಡವಿದರು. 1935ರ ‘ಸ್ಯಾಂಡರ್ಸ್ ಆಫ್ ದಿ ರಿವರ್’ ಬ್ರಿಟಿಷ್ ಸಾಮ್ರಾಜ್ಯವನ್ನು ಹೊಗಳುವ ಚಿತ್ರವಾಗಿ ಹೊರಬಂತು. ಅದಕ್ಕಾಗಿ ಅವರು ಪಶ್ಚಾತ್ತಾಪಪಟ್ಟರು. 1940ರ ‘ಪ್ರೌಡ್ ವ್ಯಾಲಿ’ ಬೇರೆ ಬಗೆಯದು. ಅದರಲ್ಲಿ ಅವರು ವೇಲ್ಸಿನ ಕಲ್ಲಿದ್ದಲ ಗಣಿಯ ಕೂಲಿ. ಜೊತೆಗಾರರನ್ನು ಉಳಿಸಲು ಪ್ರಾಣ ಕೊಡುತ್ತಾನೆ. ವೇಲ್ಸಿನ ಗಣಿಗಾರರ ಜೊತೆ ರೋಬ್ಸನ್ನರ ಸ್ನೇಹ ಆ ಚಿತ್ರಕ್ಕಿಂತ ಹಳೆಯದು.

1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟನ್ನು ರದ್ದು ಮಾಡಿತು. ಕರಿಯರ ಹಕ್ಕು, ವಸಾಹತುಗಳ ಸ್ವಾತಂತ್ರ್ಯ, ಸೋವಿಯತ್ ಸ್ನೇಹ ಎಂದು ಊರೂರಲ್ಲಿ ಮಾತಾಡಿದ್ದೇ ಅಪರಾಧ. ಸಭಾಂಗಣಗಳ ಬಾಗಿಲು ಮುಚ್ಚಿತು, ಸಂಪಾದನೆ ನೆಲಕಚ್ಚಿತು. ವ್ಯಾಪಾರಸ್ಥ ಮಿತ್ರರೇ, ಅಂಗಡಿಗೆ ಬೀಗ ಹಾಕಿಸದೆ ಗಿರಾಕಿಗಳನ್ನೆಲ್ಲ ದಾರಿಯಲ್ಲೇ ತಡೆದರೆ ಏನಾದೀತು, ಯೋಚಿಸಿ!

ಆಗ ಅವರ ಕೈ ಹಿಡಿದವರು ಯಾರು? ಕರಿಯರ ಚರ್ಚುಗಳು, ಕಾರ್ಮಿಕ ಸಂಘಗಳು. 1952ರಲ್ಲಿ ಗಣಿ ಕಾರ್ಮಿಕರ ಸಂಘ ಕೆನಡಾ ಗಡಿಗೆ ಒಂದು ಲಾರಿ ತಂದು ನಿಲ್ಲಿಸಿತು. ರೋಬ್ಸನ್ ಅದರ ಮೇಲೆ ನಿಂತು ಹಾಡಿದರು. ಗಡಿಯ ಆಚೆಗೂ ಈಚೆಗೂ ಸಾವಿರಾರು ಜನ ನಿಂತು ಕೇಳಿದರು. 1957ರಲ್ಲಿ ಅವರು ನ್ಯೂಯಾರ್ಕಿನಿಂದ ಟೆಲಿಫೋನಿನಲ್ಲಿ ಹಾಡಿದರೆ, ವೇಲ್ಸಿನ ಪೋರ್ತ್‌ಕಾಲ್ ಊರಿನಲ್ಲಿ ನೆರೆದಿದ್ದ ಗಣಿಗಾರರು ಕೇಳಿ, ತಾವೂ ತಿರುಗಿ ಹಾಡಿದರು.

1958ರಲ್ಲಿ ಸುಪ್ರೀಂ ಕೋರ್ಟು, ಒಬ್ಬನ ನಂಬಿಕೆಯ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸುವ ಅಧಿಕಾರ ಮಂತ್ರಿಗಿಲ್ಲ ಎಂದಿತು. ಮರುವರ್ಷ ರೋಬ್ಸನ್ ಇಂಗ್ಲೆಂಡಿನಲ್ಲಿ ಮತ್ತೆ ಒಥೆಲೋ ಆದರು. 1976ರಲ್ಲಿ ತೀರಿಕೊಂಡರು.

ಅವರಲ್ಲಿ ಕುಂದೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಸ್ಟಾಲಿನ್ನನ ಆಡಳಿತದ ಕ್ರೌರ್ಯವನ್ನು ಅವರು ಬಹಿರಂಗವಾಗಿ ಖಂಡಿಸಲಿಲ್ಲ. ಸಮಾಜವಾದಿಗಳಾದ ನಾವು ಅದನ್ನು ಮುಚ್ಚಿಡಬಾರದು. ಆದರೆ ಎಂಟು ವರ್ಷ ಅನ್ನಕ್ಕೆ ಕಲ್ಲು ಬಿದ್ದರೂ ಆ ಮನುಷ್ಯ ತನ್ನ ಮಾತನ್ನು ಮಾರಿಕೊಳ್ಳಲಿಲ್ಲ.

ನಮ್ಮೂರಿಗೂ ನಾಟಕದವರು ಬರುತ್ತಾರೆ. ನಮ್ಮ ಪರವಾಗಿ ಮಾತಾಡಿದ್ದಕ್ಕೆ ಅವರಲ್ಲಿ ಯಾರಿಗಾದರೂ ಥಿಯೇಟರ್ ಸಿಗದೆ ಹೋದರೆ, ಲಾರಿ ತಂದು ನಿಲ್ಲಿಸಲು ನಾವು ತಯಾರಿದ್ದೇವೆಯೇ? ಮನೆಗೆ ಹೋಗಿ ಯೋಚಿಸಿ.