ಹೊಸ ನೆಲದ ಒಕ್ಕಲುಗಳ ಕಥೆ: ಮಕ್ಕಳಿಗೆ ಹೇಳುವ ಬಗೆ



ಬೀಜ, ಗೊಬ್ಬರದ ಮಾತನ್ನು ಈ ಹೊತ್ತು ತುಸು ಪಕ್ಕಕ್ಕಿಟ್ಟು, ಮನೆಯ ಚಿಕ್ಕ ಮಕ್ಕಳ ವಿಷಯ ಮಾತನಾಡೋಣ. “ಹಿಂದಿನ ಕಾಲದಲ್ಲಿ ಜನ ಹೇಗಿದ್ದರು?” ಅಂತ ಮಕ್ಕಳು ಕೇಳುತ್ತಾರಲ್ಲ, ಅವರಿಗೆ ಬರಿಯ ಇಸವಿಗಳನ್ನೂ ದೊಡ್ಡವರ ಹೆಸರುಗಳನ್ನೂ ಹೇಳಿದರೆ ತಲೆಗೆ ಹತ್ತುವುದಿಲ್ಲ. ನೀರು ಎಲ್ಲಿಂದ ತರುತ್ತಿದ್ದರು, ಒಲೆಗೆ ಏನು ಹಾಕುತ್ತಿದ್ದರು, ಮಳೆ ಬಂದರೆ ಎಲ್ಲಿ ಮಲಗುತ್ತಿದ್ದರು ಎಂದು ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾರೆ. ಈ ಪಾಠ ಹೇಳುವುದಕ್ಕೆ ಬೇಕಾದ ಸಾಮಾನೆಲ್ಲ ಹಳ್ಳಿಯ ಮನೆಯಲ್ಲೇ ಇದೆ. ಓದು ಬರಹ ಬಾರದ ಅಜ್ಜಿಯೂ ಇದನ್ನು ಕಲಿಸಬಲ್ಲಳು. ಉದಾಹರಣೆಗೆ, ಅಮೆರಿಕಾದ ಬಯಲು ಸೀಮೆಗೆ ಹೊಸದಾಗಿ ಹೋಗಿ ನೆಲೆಯೂರಿದ ರೈತರ ಕಥೆಯನ್ನೇ ತೆಗೆದುಕೊಳ್ಳೋಣ.

1862ರಲ್ಲಿ, ಲಿಂಕನ್ ಅಧ್ಯಕ್ಷರಾಗಿದ್ದಾಗ, ಅಲ್ಲಿ ಹೋಂಸ್ಟೆಡ್ ಕಾಯಿದೆ ಎಂಬ ಕಾನೂನು ಬಂತು. ಅರ್ಜಿ ಹಾಕಿದ ಸಂಸಾರಕ್ಕೆ 160 ಎಕರೆ ಜಮೀನು. ಕೊಡಬೇಕಾದದ್ದು ಸ್ವಲ್ಪ ಶುಲ್ಕ ಮಾತ್ರ. ಆದರೆ ಷರತ್ತು ಇತ್ತು: ಅಲ್ಲೇ ಮನೆ ಕಟ್ಟಬೇಕು, ಉಳಬೇಕು, ಐದು ವರ್ಷ ಅಲ್ಲೇ ಬಾಳಬೇಕು. ಆಮೇಲೆ ಹಕ್ಕುಪತ್ರ. ಗಂಡನಿಲ್ಲದ ಹೆಂಗಸರೂ ಅರ್ಜಿ ಹಾಕಬಹುದಿತ್ತು. ನೆಬ್ರಾಸ್ಕ, ಕ್ಯಾನ್ಸಸ್, ಡಕೋಟ ಸೀಮೆಗಳಿಗೆ ಜನ ಗಾಡಿ ಹೂಡಿಕೊಂಡು ಹೊರಟರು. ಯೂರೋಪಿನಿಂದ ಹಡಗು ಹತ್ತಿ ಬಂದವರೂ ಇದ್ದರು.

ಹೋಗಿ ನೋಡಿದರೆ ಏನಿದೆ? ಕಣ್ಣು ಹಾಯುವಷ್ಟು ದೂರ ಹುಲ್ಲು. ಮರ ಬಲು ಅಪರೂಪ. ಮರವಿಲ್ಲದೆ ಮನೆ ಕಟ್ಟುವುದು ಹೇಗೆ? ಈ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿ. ಉತ್ತರವನ್ನು ನೀವು ಬೇಗ ಹೇಳಬೇಡಿ.

ಅವರು ಮಾಡಿದ್ದು ಇದು. ಆ ಹುಲ್ಲಿನ ಬೇರು ಮಣ್ಣನ್ನು ಬಲವಾಗಿ ಹಿಡಿದುಕೊಂಡಿರುತ್ತಿತ್ತು. ಬೇರುಸಹಿತ ನೆಲವನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಗುದ್ದಲಿಯಿಂದ ತುಂಡು ಮಾಡಿ, ಆ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಎರಡು ಮೂರು ಅಡಿ ದಪ್ಪದ ಗೋಡೆ ಎಬ್ಬಿಸಿದರು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಮಳೆ ಬಂತೆಂದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಒಮ್ಮೊಮ್ಮೆ ಹಾವೂ ಬೀಳುತ್ತಿತ್ತು. ಅದಕ್ಕೇ ಒಳಗೆ ಸೂರಿನ ಕೆಳಗೆ ಬಟ್ಟೆ ಕಟ್ಟುತ್ತಿದ್ದರು.

ಅಂಗಳದಲ್ಲಿ ಇಪ್ಪತ್ತು ಅಡಿ ಉದ್ದ, ಹದಿನಾರು ಅಡಿ ಅಗಲ ಅಳೆದು ಸುಣ್ಣದ ಗೆರೆ ಎಳೆಯಿರಿ. ಸಾಧಾರಣ ಮನೆ ಇಷ್ಟೇ ಇರುತ್ತಿತ್ತು. ಮನೆಮಂದಿಯೆಲ್ಲ ಒಳಗೆ ಕೂತುಕೊಳ್ಳಿ. ಒಲೆ ಎಲ್ಲಿ, ಹಾಸಿಗೆ ಎಲ್ಲಿ, ಕಾಳಿನ ಮೂಟೆ ಎಲ್ಲಿ? ಮಕ್ಕಳೇ ಜಾಗ ಹುಡುಕಲಿ. ಆಮೇಲೆ ಒಂದೊಂದು ಹಿಡಿ ಜೇಡಿಮಣ್ಣು ಕೊಡಿ. ಚಿಕ್ಕ ಗೋಡೆ ಕಟ್ಟಿ, ಮೇಲೆ ಒಂದು ಚೊಂಬು ನೀರು ಸುರಿದು ನೋಡಲಿ.

ಇನ್ನು ಒಲೆಯ ಮಾತು. ಸೌದೆಯಿಲ್ಲದ ಊರಿನಲ್ಲಿ ಒಲೆಗೆ ಏನು? ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಹೊಳೆದೀತು. ಕಾಡುಕೋಣದಂಥ ಬೈಸನ್ ಎಂಬ ಪ್ರಾಣಿಯ ಒಣ ಸಗಣಿಯನ್ನು ಬಯಲಿನಲ್ಲಿ ಆಯ್ದು ತರುತ್ತಿದ್ದರು. ಮುಂದೆ ದನದ ಸಗಣಿ, ಮುಸುಕಿನ ಜೋಳದ ಬೆಂಡು, ಹೊಸೆದ ಒಣಹುಲ್ಲು. ಆಯುವ ಕೆಲಸ ಹೆಚ್ಚಾಗಿ ಮಕ್ಕಳದ್ದೇ. ಬೆರಣಿ ಎಂದರೆ ಮೂಗು ಮುರಿಯುವ ಮಗುವಿಗೆ ಇದನ್ನು ಹೇಳಿ. ನಮ್ಮ ಅಜ್ಜಿ ಮಾಡಿದ ಕೆಲಸವನ್ನೇ ಅಮೆರಿಕಾದ ಮಕ್ಕಳೂ ಮಾಡಿದರು ಎಂದು ತಿಳಿದರೆ, ಆ ಕೆಲಸದ ಮೇಲೆ ಗೌರವ ತಾನಾಗಿ ಬರುತ್ತದೆ.

ನೀರಿನ ಪಾಡೂ ಹಾಗೇ. ಬಾವಿ ತೋಡುವ ತನಕ ಹಳ್ಳದಿಂದ ಪೀಪಾಯಿಯಲ್ಲಿ ತರಬೇಕು. ಒಂದು ದಿನ ಮಕ್ಕಳ ಕೈಲಿ ಪುಟ್ಟ ಬಿಂದಿಗೆ ಕೊಟ್ಟು, ಅವರ ಸ್ನಾನದ ನೀರನ್ನು ಅವರೇ ತಂದುಕೊಳ್ಳಲಿ. ಎಷ್ಟು ಸಲ ಓಡಾಡಿದರು ಎಂದು ಎಣಿಸಲಿ. ಬೆಣ್ಣೆ ತೆಗೆಯುವಾಗ ಕಡೆಗೋಲನ್ನು ಅವರ ಕೈಗೂ ಕೊಡಿ. ಆ ಸೀಮೆಯಲ್ಲಿ ಕಡೆಗೋಲನ್ನು ತಿರುಗಿಸುತ್ತಿರಲಿಲ್ಲ, ಎತ್ತರದ ಮರದ ಪಾತ್ರೆಯಲ್ಲಿ ಒನಕೆಯ ಹಾಗೆ ಮೇಲೆ ಕೆಳಗೆ ಆಡಿಸುತ್ತಿದ್ದರು. ಕೈ ನೋವಾದಾಗಲೇ ಪಾಠ ನಾಟುತ್ತದೆ.

ಶಾಲೆ ಹೇಗಿತ್ತು ಅಂತೀರಾ? ಒಂದೇ ಕೋಣೆ, ಒಬ್ಬರೇ ಉಪಾಧ್ಯಾಯರು. ಆರು ವರ್ಷದವನೂ ಹದಿನೈದರವಳೂ ಅಲ್ಲೇ. ಹೊಲದ ಕೆಲಸ ಜೋರಾದಾಗ ದೊಡ್ಡ ಮಕ್ಕಳು ಶಾಲೆ ಬಿಡುತ್ತಿದ್ದರು.

ಕಷ್ಟವನ್ನೂ ಹೇಳಬೇಕು, ಆದರೆ ವಯಸ್ಸು ನೋಡಿ ಹೇಳಬೇಕು. 1874ರಲ್ಲಿ ಮಿಡತೆಯ ಹಿಂಡು ಮೋಡದಂತೆ ಇಳಿದು ಪೈರನ್ನೆಲ್ಲ ತಿಂದು ಹಾಕಿತು. ಹೊಲದ ಸಾಮಾನಿನ ಮರದ ಹಿಡಿಯನ್ನೂ ಬಿಡಲಿಲ್ಲ. ಇದನ್ನು ಎಲ್ಲ ಮಕ್ಕಳಿಗೂ ಹೇಳಬಹುದು. 1888ರ ಜನವರಿ 12ರಂದು ಬೆಳಿಗ್ಗೆ ಹವೆ ಹಿತವಾಗಿದ್ದು, ಆಮೇಲೆ ಏಕಾಏಕಿ ಹಿಮದ ಬಿರುಗಾಳಿ ಎದ್ದಿತು. ಶಾಲೆಯಿಂದ ಮನೆಗೆ ಹೊರಟ ಎಷ್ಟೋ ಮಕ್ಕಳು ದಾರಿಯಲ್ಲೇ ತೀರಿಕೊಂಡರು. ಇದು ತುಸು ದೊಡ್ಡ ಮಕ್ಕಳಿಗೆ ಸಾಕು. ಐದು ವರ್ಷ ನಿಲ್ಲಲಾರದೆ ಜಮೀನು ಬಿಟ್ಟು ಹೋದವರು ಬಹಳ ಮಂದಿ. ಹಾಗೂ ಕೊನೆಗೆ ಸುಮಾರು 16 ಲಕ್ಷ ಅರ್ಜಿಗಳಿಗೆ ಹಕ್ಕುಪತ್ರ ಸಿಕ್ಕಿತು.

ಈಗ ಮುಖ್ಯವಾದ ಮಾತು. ಆ 160 ಎಕರೆ ಯಾರದಾಗಿತ್ತು? “ಅದು ಬರಿದಾದ ನೆಲ, ಧೈರ್ಯವಂತರು ಹೋಗಿ ಬೇಸಾಯ ಮಾಡಿದರು” ಎಂದು ಹೇಳಿ ಮುಗಿಸಿದರೆ ಅರ್ಧ ಸುಳ್ಳು ಹೇಳಿದಂತಾಯಿತು. ನೆಬ್ರಾಸ್ಕದ ನದೀತೀರಗಳಲ್ಲಿ ಪಾವ್ನೀ ಎಂಬ ಜನ ಮೊದಲಿನಿಂದ ಬೇಸಾಯ ಮಾಡುತ್ತಿದ್ದರು. ಅವರ ಹೆಂಗಸರು ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆದು ತಳಿತಳಿಯಾಗಿ ಬೀಜ ಕಾಪಾಡುತ್ತಿದ್ದರು. ಮಣ್ಣು ಹೊದಿಸಿದ ದೊಡ್ಡ ದುಂಡು ಮನೆಗಳಲ್ಲಿ ಹಲವು ಸಂಸಾರ ಕೂಡಿ ಬಾಳುತ್ತಿದ್ದವು. 1870ರ ದಶಕದಲ್ಲಿ ಆ ಜನ ನೆಲ ಬಿಟ್ಟು, ದೂರದ ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಕಟ್ಟಿಕೊಂಡು ಹೋದ ಬೀಜ ಅಲ್ಲಿಯ ಮಣ್ಣು, ಹವೆಗೆ ಸರಿಯಾಗಿ ಒಗ್ಗಲಿಲ್ಲ.

ಅದಕ್ಕೇ ನನ್ನ ಸೂಚನೆ: ಅಂಗಳದಲ್ಲಿ ಚೌಕದ ಮನೆ ಎಳೆಯುವ ಮೊದಲು ಒಂದು ದುಂಡು ಮನೆ ಎಳೆಯಿರಿ. “ಇವರು ಮೊದಲು ಇದ್ದವರು” ಅನ್ನಿ. ಆಮೇಲೆ ಚೌಕದ ಮನೆ. “ದುಂಡು ಮನೆಯವರು ಎಲ್ಲಿ ಹೋದರು?” ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಇದ್ದದ್ದು ಇದ್ದ ಹಾಗೆ ಹೇಳಿ. ನೆಲ ಕಳೆದುಕೊಳ್ಳುವುದೆಂದರೆ ಏನು ಎಂದು ರೈತನ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಯಲ್ಲಿ ಬಂದವರ ಕಷ್ಟವೂ ನಿಜ, ನೆಲ ಬಿಟ್ಟವರ ನಷ್ಟವೂ ನಿಜ. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಶಕ್ತಿ ಮಕ್ಕಳಿಗೆ ಉಂಟು.

ಈ ಕಥೆಗೆ ಇನ್ನೂ ಒಂದು ತುದಿ ಇದೆ. ಸುಮಾರು 2003ರಿಂದೀಚೆಗೆ, ಪಾವ್ನೀ ಜನ ಉಳಿಸಿಕೊಂಡಿದ್ದ ಹಿಡಿಯಷ್ಟು ಹಳೆಯ ಬೀಜವನ್ನು ನೆಬ್ರಾಸ್ಕದ ತೋಟಗಾರರಿಗೆ ನಂಬಿ ಕೊಟ್ಟರು. ಹಳೆಯ ಮಣ್ಣಿನಲ್ಲಿ ಅದು ಚೆನ್ನಾಗಿ ಫಲ ಕೊಟ್ಟಿತು. ಬೆಳೆದವರಲ್ಲಿ ಹೊಸದಾಗಿ ನೆಲೆಯೂರಿದ್ದ ರೈತರ ವಂಶದವರೂ ಇದ್ದರು. ಬಂದ ಬೀಜವನ್ನು ಅದರ ಒಡೆಯರಿಗೆ ಮರಳಿ ಕೊಟ್ಟರು.

ಇದನ್ನು ಹೇಳುವಾಗ ಮಗುವಿನ ಅಂಗೈಯಲ್ಲಿ ನಾಲ್ಕು ಕಾಳು ಮುಸುಕಿನ ಜೋಳ ಇಡಿ. ಮಾತು ಮುಗಿದ ಮೇಲೆ ಹಿತ್ತಲಲ್ಲಿ ಬಿತ್ತಲಿ, ನೀರನ್ನು ತಾನೇ ಹೊತ್ತು ಹಾಕಲಿ.